ಮುಚ್ಚಂಜೆ ಬತ್ತಿಯ ಮೊದಲ ಚೀಟಿ

ನಮ್ಮ ಪ್ರೆಸ್ಸಿನ ಸಾಹೇಬರು ಯಾವ ಕಾಗದವನ್ನೂ ಹೆಬ್ಬೆರಳಿನಿಂದ ಹಿಡಿಯುತ್ತಿರಲಿಲ್ಲ. ತೋರುಬೆರಳು, ನಡುಬೆರಳುಗಳ ಸಂದಿಯಲ್ಲಿ ಅಂಚನ್ನು ಸಿಕ್ಕಿಸಿಕೊಂಡು, ಎರಡೂ ಹೆಬ್ಬೆರಳುಗಳನ್ನು ಮೇಲಕ್ಕೆತ್ತಿರುತ್ತಿದ್ದರು. ಅವುಗಳ ಉಗುರಿನ ಬುಡದಲ್ಲಿ ಮಸಿ ಕೂತುಬಿಟ್ಟಿತ್ತು. ಸೋಪಿಗೂ ಹೋಗದು, ಸೀಮೆಎಣ್ಣೆಗೂ ಹೋಗದು. ಚಹದ ಲೋಟವನ್ನೂ ಅವರು ಹಾಗೆಯೇ ಹಿಡಿಯುತ್ತಿದ್ದರು. ಮೊದಲ ಸಲ ನೋಡಿದಾಗ ಪಾಪ, ಬೆರಳಿಗೆ ಏನೋ ಪೆಟ್ಟಾಗಿದೆ ಎಂದುಕೊಂಡು ಕೇಳಿಯೇಬಿಟ್ಟಿದ್ದೆ.

"ಪೆಟ್ಟಲ್ಲ ತಂಗೆಮ್ಮ, ಭಯ," ಎಂದಿದ್ದರು. ಮೊದಲ ದಿನದಿಂದಲೂ ನಾನು ಅವರಿಗೆ ತಂಗಿಯೇ. "ಲಗ್ನಪತ್ರಿಕೆ ಮೇಲೆ ನನ್ನ ಹೆಬ್ಬೆಟ್ಟು ಬಿತ್ತು ಅನ್ನಿ, ಬೀಗರು ಏನಂದ್ಕೋತಾರೆ? ಒಳಗೆ ಏನು ಬರ್ದೈತೆ ಅಂತ ಆಮೇಲೆ ಓದ್ತಾರೆ. ನೋಡಿದ ಕೂಡ್ಲೇ ಮನೆತನ ಅಳೀತಾರೆ ಜನ."

ಶಿಕಾರಿಪುರದಲ್ಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಪ್ರೆಸ್ಸು. ಒಂದು ಮೂಲೆಯಲ್ಲಿ ಕಾಲಿನಿಂದ ತುಳಿಯುವ ಹಳೇ ಮಷೀನು, ಇನ್ನೊಂದು ಮೂಲೆಯಲ್ಲಿ ಅವರ ಮಗಳ ಕಂಪ್ಯೂಟರು. ತಾಲ್ಲೂಕಿನ ಅರ್ಧ ಲಗ್ನಪತ್ರಿಕೆಗಳು ಅಲ್ಲಿಂದಲೇ ಹೋಗುತ್ತಿದ್ದವು. ಸೊರಬದ ಕಡೆಯವರೂ ಬಸ್ಸು ಹತ್ತಿ ಬರುತ್ತಿದ್ದರು. ಯಾರ ಮನೆಯ ಪತ್ರಿಕೆಯ ಮೇಲೆ ಯಾವ ದೇವರು ಮೊದಲು ಬರಬೇಕು, ತೀರಿಹೋದ ಅಜ್ಜನ ಹೆಸರು ಎಲ್ಲಿ ಬರಬೇಕು, ಸೋದರಮಾವನನ್ನು ಎಷ್ಟನೇ ಸಾಲಿನಲ್ಲಿ ಕೂರಿಸಿದರೆ ಜಗಳವಾಗುವುದಿಲ್ಲ, ಇವೆಲ್ಲ ನಮ್ಮ ಪುರೋಹಿತರಿಗಿಂತ ಚೆನ್ನಾಗಿ ಸಾಹೇಬರಿಗೆ ಗೊತ್ತಿತ್ತು. ಪ್ರೂಫ್ ಕೊಟ್ಟ ಮೇಲೆ ಅದನ್ನು ಗಟ್ಟಿಯಾಗಿ ಓದಿಸದೆ ಬಿಡುತ್ತಿರಲಿಲ್ಲ. ಎಂಥ ದೊಡ್ಡ ಮನುಷ್ಯನಾದರೂ ಅಲ್ಲೇ ನಿಂತು, ಶಾಲೆಯ ಮಗುವಿನ ಹಾಗೆ, "ನಮ್ಮ ಜ್ಯೇಷ್ಠ ಪುತ್ರಿ ಚಿರಂಜೀವಿ ಸೌಭಾಗ್ಯವತಿ" ಎಂದು ಓದಬೇಕು. ಮನಸ್ಸಿನಲ್ಲೇ ಓದಿಕೊಂಡರೆ ಕಣ್ಣು ಕಳ್ಳಾಟ ಆಡುತ್ತದೆ ಎನ್ನುವುದು ಅವರ ಮಾತು.

ನಾನು ಅವರಲ್ಲಿಗೆ ಹೋದದ್ದು ಮದುವೆಯ ಕೆಲಸಕ್ಕಲ್ಲ, ಬತ್ತಿಯ ಕೆಲಸಕ್ಕೆ.

ಬೆರಳಿಗೆ ಚೂರು ವಿಭೂತಿ ಸವರಿಕೊಂಡು ಅರಳೆಯಿಂದ ಹೂಬತ್ತಿ ಹೊಸೆಯುವುದನ್ನು ನನ್ನ ಅಮ್ಮ ಸೊರಬದಲ್ಲಿ ಕಲಿಸಿದ್ದಳು. ಶಿಕಾರಿಪುರಕ್ಕೆ ಮದುವೆಯಾಗಿ ಬಂದ ಮೇಲೂ ಮಧ್ಯಾಹ್ನ ಕೈ ಖಾಲಿಯಾದರೆ ಅದೇ ಕೆಲಸ. ದೇವರ ನಾಮ ಹೇಳಿಕೊಂಡು ಹೊಸೆಯುತ್ತ ಕೂತರೆ ಮನಸ್ಸು ಬೇರೆ ಕಡೆ ಹೋಗುವುದಿಲ್ಲ. ಅಕ್ಕಪಕ್ಕದವರೂ ಬಂದು ಕೂರತೊಡಗಿ, ನೋಡನೋಡುತ್ತ ಎಂಟು ಜನರಾದೆವು. ಅದರಲ್ಲೊಬ್ಬಳು ಪಕ್ಕದ ಮನೆಯವಳು. ಚಿಕ್ಕಂದಿನಿಂದ ಕಾಲಿಗೆ ಬಲವಿಲ್ಲ. ಮನೆಯಿಂದ ಹೊರಗೆ ಕರೆದುಕೊಂಡು ಹೋಗುವವರಿಲ್ಲದೆ ಹೊಸ್ತಿಲಲ್ಲೇ ನಲವತ್ತು ವರ್ಷ ಕಳೆದವಳು. ಅವಳ ಬತ್ತಿ ನಮ್ಮೆಲ್ಲರದಕ್ಕಿಂತ ಚೆಂದ. ಮಲ್ಲಿಗೆ ಮೊಗ್ಗಿನ ಹಾಗೆ ಒಂದೇ ಅಳತೆ.

ಮಹಿಳಾ ಸಂಘಕ್ಕೆ ತರಬೇತಿ ಕೊಡಲು ಬಂದ ಒಬ್ಬ ಹುಡುಗಿ ಇದನ್ನು ನೋಡಿ, "ಅಮ್ಮಾ, ನಿಮ್ಮದೂ ಒಂದು ಸ್ಟಾರ್ಟಪ್ಪೇ! ಒಂದು ಹೆಸರಿಡಿ, ಚೆಂದದ ಪ್ಯಾಕೆಟ್ ಮಾಡಿ. ಗಿರಾಕಿ ಒಂದೇ ನೋಟಕ್ಕೆ ಒಪ್ಪಬೇಕು," ಎಂದಳು. ಮನೆಗೆ ಬಂದು ನಾನು ಸಂಭ್ರಮದಿಂದ ಹೇಳಿದರೆ ನಮ್ಮತ್ತೆ, "ಹೊಸೆಯೋದು ಬತ್ತಿ, ಹೆಸ್ರು ಸ್ಟಾರ್ಟಪ್ಪು! ಮೊದ್ಲು ಆ ಒಲೆ ಸ್ಟಾರ್ಟ್ ಮಾಡು, ಹೊತ್ತಾಯ್ತು," ಎಂದರು.

ಸೊರಬದಲ್ಲಿ ನನ್ನ ತಂಗಿ ಇದ್ದಾಳೆ. ಅಲ್ಲಿ ಪೂಜೆ ಸಾಮಾನಿನ ದೊಡ್ಡ ಅಂಗಡಿಯೊಂದಿದೆ. ಗುಡವಿ ಕಡೆಯ ಸಣ್ಣಪುಟ್ಟ ಅಂಗಡಿಗಳಿಗೂ ಅಲ್ಲಿಂದಲೇ ಸಾಮಾನು ಹೋಗುವುದು. ತಂಗಿ ಹೋಗಿ ಕೇಳಿದಳು. ಅಂಗಡಿಯವರು ಖಡಾಖಂಡಿತವಾಗಿ ಹೇಳಿದರಂತೆ: "ಒಂದ್ಸಲ ಇಟ್ಟು ನೋಡ್ತೀನಿ. ಹೋದ್ರೆ ಕಾರ್ತಿಕಕ್ಕೆ ಎಷ್ಟು ಕೊಟ್ರೂ ತಗೊಳ್ತೀನಿ. ಹೋಗ್ದಿದ್ರೆ ಮತ್ತೆ ಕೇಳ್ಬೇಡಿ." ಬತ್ತಿಗೆ ಕಾರ್ತಿಕವೇ ಸುಗ್ಗಿ. ಬೇಸಿಗೆಯಿಡೀ ಎಂಟು ಜನ ಹೊಸೆದದ್ದು ನಮ್ಮ ಅಟ್ಟದಲ್ಲಿ ಡಬ್ಬ ಡಬ್ಬ ತುಂಬಿ ಕೂತಿತ್ತು. ಈ ಕಾರ್ತಿಕದಲ್ಲಿ ಹೋಗದಿದ್ದರೆ ಮುಚ್ಚಿಬಿಡೋಣ ಎಂದು ನಾವೇ ಮಾತಾಡಿಕೊಂಡಿದ್ದೆವು. ಮುಚ್ಚಿದರೆ ಉಳಿದವರಿಗೆ ಬೇರೆ ಕೆಲಸವುಂಟು. ಪಕ್ಕದ ಮನೆಯವಳಿಗೆ ಮಾತ್ರ ಮತ್ತೆ ಅದೇ ಹೊಸ್ತಿಲು.

ಜ್ಯೇಷ್ಠದಲ್ಲಿ ಚೀಟಿ ಮಾಡಿಸಲು ಸಾಹೇಬರ ಹತ್ತಿರ ಹೋದೆ. ಪ್ಯಾಕೆಟ್ಟಿನ ಸುತ್ತ ಪೂರಾ ಬರುವಂಥ ಚೀಟಿ. ಅದರ ತುಂಬ ನಮ್ಮನೆ ಕ್ಯಾಲೆಂಡರಿನ ಲಕ್ಷ್ಮಿ. ಕೆಂಪು ಸೀರೆ, ಕಮಲ, ಎರಡು ಆನೆ, ಸುತ್ತ ಚಿನ್ನದ ಬಣ್ಣದ ಬಳ್ಳಿ. ದೇವಿಯ ಮುಖ ನೋಡಿ ಯಾರು ತಾನೇ ಬೇಡವೆನ್ನುತ್ತಾರೆ ಎಂದು ನನ್ನ ಲೆಕ್ಕ.

ಸಾಹೇಬರು ಚಿತ್ರವನ್ನು ಬಹಳ ಹೊತ್ತು ನೋಡಿದರು. "ಚೆಂದ ಐತೆ," ಎಂದರು. ಆಮೇಲೆ, "ತಂಗೆಮ್ಮ, ಇದನ್ನ ಎಲ್ಲಿ ಹರೀತಾರೆ?" ಎಂದು ಕೇಳಿದರು.

"ಯಾವುದನ್ನ?"

"ಪ್ಯಾಕೆಟ್ಟನ್ನ. ಬತ್ತಿ ತೆಗೀಬೇಕಂದ್ರೆ ಎಲ್ಲೋ ಒಂದ್ಕಡೆ ಹರೀಬೇಕಲ್ಲ?"

ಅವರು ಏನು ಹೇಳುತ್ತಿದ್ದಾರೆಂದು ನನ್ನ ತಲೆಗೆ ಹೋಗಲಿಲ್ಲ. "ಎಲ್ಲಾದ್ರೂ ಹರೀಲಿ ಬಿಡಿ," ಎಂದೆ.

"ಒಳಗಿನ ಬತ್ತಿನೂ ಕಾಣ್ತಾ ಇಲ್ಲ. ದೇವಿನ ಸ್ವಲ್ಪ ಆಚೆ..."

"ನಮ್ಮ ದೇವ್ರ ವಿಷ್ಯ ನಿಮಗೆ ಯಾಕೆ ಸಾಹೇಬ್ರೇ? ಕೊಟ್ಟಿದ್ದನ್ನ ಹಾಕಿಕೊಡಿ, ಸಾಕು."

ನನ್ನ ಬಾಯಿಂದಲೇ ಬಂದ ಮಾತು. ಕಂಪ್ಯೂಟರಿನ ಮುಂದಿದ್ದ ಅವರ ಮಗಳು ತಿರುಗಿ ನೋಡಿದಳು. ಸಾಹೇಬರು ನೋಡಲಿಲ್ಲ. "ಆಯ್ತು ತಂಗೆಮ್ಮ," ಎಂದು ಚಿತ್ರವನ್ನು ಬೆರಳ ಸಂದಿಯಲ್ಲಿ ಹಿಡಿದು ಒಳಗೆ ಹೋದರು.

ನಾನು ಎರಡು ಸಾವಿರ ಚೀಟಿ ಹೇಳಿದ್ದೆ. ತರಲು ಹೋದಾಗ ಮುನ್ನೂರು ಮಾತ್ರ ಇತ್ತು. ಕೆಲಸ ಅಚ್ಚುಕಟ್ಟು, ದೇವಿಯ ಮೂಗುತಿ ಕೂಡ ಹೊಳೆಯುತ್ತಿತ್ತು. "ಈ ಪೇಪರು ಮುಗಿದು ಹೋಗೈತೆ. ಶಿವಮೊಗ್ಗದಿಂದ ಬರ್ಬೇಕು. ಮೊದ್ಲು ಇಷ್ಟು ಹೋಗ್ಲಿ," ಎಂದರು. ಸಿಟ್ಟಿಗೇ ಕಮ್ಮಿ ಮಾಡಿದ್ದಾರೆ ಎಂದುಕೊಂಡು ಬಂದೆ. ಆ ಮುನ್ನೂರು ಪ್ಯಾಕೆಟ್ಟೂ ಸೊರಬಕ್ಕೆ ಹೋದವು.

ಆಷಾಢದಲ್ಲಿ ಒಂದು ಬೆಳಿಗ್ಗೆ ತಂಗಿಯ ಫೋನು. "ಅಕ್ಕಾ, ನೀ ಒಂಚೂರು ಬಂದು ನೋಡು ಮಾರಾಯ್ತಿ. ನಂಗೆ ಹೇಳಕ್ಕೇ ಬರ್ತಾ ಇಲ್ಲೆ."

ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದು ಹೋದೆ. ಅಂಗಡಿಯವರು ನನ್ನನ್ನು ನೋಡಿ ಕೈ ಮುಗಿದರು. "ಬನ್ನಿ ಅಮ್ಮ. ನಿಮ್ಮ ಪ್ಯಾಕೆಟ್ಟಿಗೆ ಜನರೇನೂ ಕಮ್ಮಿ ಇಲ್ಲ. ಬರ್ತಾರೆ, ಕೈಗೆ ತಗೊಳ್ತಾರೆ, ಕಣ್ಣಿಗೊತ್ಕೊಳ್ತಾರೆ, ವಾಪಸ್ ಇಟ್ಟು ಹೋಗ್ತಾರೆ. ಪಕ್ಕದಲ್ಲೊಂದು ಮಂಗಳಾರತಿ ತಟ್ಟೆ ಇಟ್ಟಿದ್ರೆ ನನಗಾದ್ರೂ ಲಾಭ ಆಗ್ತಿತ್ತು."

ತಮಾಷೆ ಎಂದುಕೊಂಡೆ. ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು ಬತ್ತಿ ಕೇಳಿದಳು. ಅಂಗಡಿಯವರು ಬೇಕೆಂದೇ ನಮ್ಮ ಪ್ಯಾಕೆಟ್ ಕೊಟ್ಟರು. ಅಜ್ಜಿ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು, ತಿರುಗಿಸಿ ತಿರುಗಿಸಿ ನೋಡಿದಳು, ಗಲ್ಲಾದ ಮೇಲೆ ಮೆತ್ತಗೆ ಇಟ್ಟಳು.

"ಯಾಕೆ ಅಜ್ಜಿ, ಚೆನ್ನಾಗಿಲ್ಲನಾ?" ಎಂದು ಕೇಳಿದೆ.

"ಚೆನಾಗಿಲ್ದೆ ಏನು ಮಗಾ! ಆದ್ರೆ ಇದ್ನ ಹರಿಯೋದು ಹ್ಯಾಂಗೆ? ತಾಯಿ ಮುಖದ ಮೇಲೆ ಉಗುರು ಹಾಕ್ಲಾ? ಹರಿದು ಕಸಕ್ಕೆ ಹಾಕ್ಲಾ, ಒಲೆಗೆ ಹಾಕ್ಲಾ? ಬ್ಯಾಡ, ಆ ಬಿಳಿ ಪ್ಯಾಕೆಟ್ಟೇ ಕೊಡಿ."

ಸಾಹೇಬರು ಕೇಳಿದ್ದು ಇದನ್ನೇ ಅಲ್ಲವೇ.

ಅಷ್ಟಕ್ಕೇ ಮುಗಿಯಲಿಲ್ಲ. ತಂಗಿ ನನ್ನ ಕೈ ಹಿಡಿದು ಅರಳಿಕಟ್ಟೆಗೆ ಕರೆದುಕೊಂಡು ಹೋದಳು. ಒಡೆದ ಗಾಜಿನ ದೇವರ ಪಟಗಳು, ಬಣ್ಣ ಹೋದ ಕ್ಯಾಲೆಂಡರುಗಳು, ಮನೆಯಲ್ಲಿ ಇಟ್ಟುಕೊಳ್ಳಲೂ ಆಗದೆ ಬಿಸಾಡಲೂ ಆಗದೆ ಜನ ತಂದಿಡುವ ಎಲ್ಲವೂ ಅಲ್ಲಿ ಮರದ ಬುಡದಲ್ಲಿರುತ್ತವಲ್ಲ, ಅವುಗಳ ನಡುವೆ ನಮ್ಮ ಖಾಲಿ ಪ್ಯಾಕೆಟ್ಟುಗಳು. ಕೊಂಡವರು ಅಂಟು ಬಿಡಿಸಿ, ಹರಿಯದ ಹಾಗೆ ಬತ್ತಿ ತೆಗೆದು, ಮತ್ತೆ ಮಡಿಸಿ ತಂದಿಟ್ಟಿದ್ದರು. "ನೋಡು, ನಿನ್ ಲಕ್ಷ್ಮಿ ಸಾಲಾಗಿ ಕೂತಿದಾಳೆ," ಎಂದಳು ತಂಗಿ, ನಗಬೇಕೋ ಅಳಬೇಕೋ ತಿಳಿಯದೆ. ಒಂದು ಪ್ಯಾಕೆಟ್ಟು ಗಾಳಿಗೆ ಹಾರಿ ಚರಂಡಿಯ ಅಂಚಿಗೆ ಬಿದ್ದಿತ್ತು. ಅದರ ಮೇಲೆ ಯಾರದೋ ಸೈಕಲ್ಲಿನ ಗಾಲಿಯ ಗುರುತು.

ನಾನೇ ಅಚ್ಚು ಹಾಕಿಸಿದ ದೇವಿ. ಸೆರಗಿನಲ್ಲಿ ಒರೆಸಿ, ಎಲ್ಲವನ್ನೂ ಆರಿಸಿ ಚೀಲಕ್ಕೆ ತುಂಬಿಕೊಂಡೆ. ಅಂಗಡಿಯಲ್ಲಿ ಉಳಿದಿದ್ದ ಪ್ಯಾಕೆಟ್ಟುಗಳನ್ನೂ ವಾಪಸು ತೆಗೆದುಕೊಂಡೆ. ಬಸ್ಸಿನಲ್ಲಿ ಚೀಲವನ್ನು ಕಾಲ ಬಳಿ ಇಡಲಾಗದೆ ಶಿಕಾರಿಪುರದವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಮುನ್ನೂರೇ ಇದ್ದವು ಎನ್ನುವುದೊಂದೇ ಆ ದಿನ ದೇವರು ಕೊಟ್ಟ ಸಮಾಧಾನ. ಎರಡು ಸಾವಿರವಾಗಿದ್ದರೆ ಎಷ್ಟು ಊರಿನ ಕಟ್ಟೆ ಸುತ್ತಬೇಕಿತ್ತೋ.

ಬಸ್ಸಿಳಿದವಳು ಮನೆಗೆ ಹೋಗದೆ ಪ್ರೆಸ್ಸಿಗೆ ಹೋದೆ. ಚೀಲ ನೋಡಿದ ಕೂಡಲೇ ಸಾಹೇಬರಿಗೆ ತಿಳಿಯಿತು. ಆದರೆ 'ನಾನು ಅವತ್ತೇ ಹೇಳಿದ್ದೆ' ಎನ್ನುವ ಮಾತು ಬರಲಿಲ್ಲ. ಕಾಗದ ಕತ್ತರಿಸುವ ಮೇಜಿನ ಕೆಳಗಿಂದ ಒಂದು ಗೋಣಿಚೀಲ ಎಳೆದು ಬಾಯಿ ಬಿಚ್ಚಿದರು. ಅದರ ತುಂಬ ಕತ್ತರಿಸಿದ ಚೂರುಗಳು. ಗಣಪತಿಯ ಸೊಂಡಿಲು, ಅರ್ಧ ಓಂಕಾರ, ಅವರ ಕಡೆಯ ಮದುವೆ ಪತ್ರಿಕೆಯ ಚಂದ್ರ ನಕ್ಷತ್ರ, ಶಿಲುಬೆಯ ತುದಿ.

"ಇದ್ರಲ್ಲಿ ಹಾಕಿ," ಎಂದರು. "ನಲವತ್ತು ವರ್ಷದಿಂದ ದೇವ್ರ ಪಕ್ಕದಲ್ಲೇ ಕತ್ರಿ ಆಡಿಸ್ತಾ ಇದೀನಿ ತಂಗೆಮ್ಮ. ಈ ಚೂರು ರದ್ದಿಗೆ ಹೋಗಿ, ಅದ್ರಲ್ಲಿ ಯಾರೋ ಮಿರ್ಚಿ ಕಟ್ಟಿಕೊಟ್ರೆ? ಚೀಲ ತುಂಬಿದ್ಮೇಲೆ ಕೆರೆ ಕಡೆ ಹೋಗಿ, ಕಾಲು ಬೀಳದ ಜಾಗ ನೋಡಿ ಗುಂಡಿ ತೋಡಿ ಮುಚ್ಚಿ ಬರ್ತೀನಿ."

ನಾನು ಖಾಲಿ ಪ್ಯಾಕೆಟ್ಟುಗಳನ್ನು ಒಂದೊಂದೇ ಹಾಕಿದೆ. ಹಾಕುತ್ತಿರುವಾಗ ಗೋಡೆಯ ಹತ್ತಿರ ಅದೇ ಹೊಳೆಯುವ ಪೇಪರಿನ ಕಟ್ಟು ಕಾಣಿಸಿತು. ಮೇಲೆ ಧೂಳು ಕೂತಿತ್ತು.

"ಪೇಪರ್ ಯಾವಾಗ ಬಂತು ಸಾಹೇಬ್ರೇ?"

"ಅದು ಎಲ್ಲಿಗೆ ಹೋಗಿತ್ತು, ಬರೋಕೆ?" ಎಂದು ನಕ್ಕರು.

"ಅವತ್ತು ನಾನು ಹಾಗೆ ಅನ್ನಬಾರದಿತ್ತು," ಎಂದೆ.

"ಏನಂದ್ರಿ? ಮಷೀನ್ ಸದ್ದು, ನನಗೇನೂ ಕೇಳಿಸ್ಲಿಲ್ಲ."

ಆ ಹೊತ್ತಿನಲ್ಲಿ ಯಾವ ಮಷೀನೂ ನಡೆಯುತ್ತಿರಲಿಲ್ಲ. ಅವತ್ತೂ ನಡೆದಿರಲಿಲ್ಲ.

ಅಲ್ಲಿಂದ ಒಂದು ವಾರ ನನಗೆ ಪಾಠ. ಬೇರೆ ಬೇರೆ ಪ್ಯಾಕೆಟ್ಟುಗಳನ್ನು ಪ್ರೆಸ್ಸಿನ ಗೋಡೆಯ ಗೂಡಿನಲ್ಲಿ ಸಾಲಾಗಿಟ್ಟು, ನನ್ನನ್ನು ಓಣಿಯ ಆಚೆ ಬದಿ, ದರ್ಜಿ ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲಿಸುತ್ತಿದ್ದರು. "ಈಗ ತಿರುಗಿ! ಏನು ಕಾಣಿಸ್ತು? ಯೋಚನೆ ಮಾಡ್ಬೇಡಿ, ಹೇಳಿ!" ಎಂದು ಕೂಗುವುದು. ದರ್ಜಿ ಹೊಲಿಗೆ ನಿಲ್ಲಿಸಿ, "ಏನ್ ಸಾಹೇಬ್ರೇ, ಅಮ್ಮೋರಿಗೆ ಕಣ್ಣಿನ ಪರೀಕ್ಷೆನಾ?" ಎಂದು ನಗುವುದು. ಐದು ಬಣ್ಣದ್ದು ದೂರಕ್ಕೆ ಕಲಸಿದ ಹಾಗೆ ಕಾಣುತ್ತಿತ್ತು. ಒಂದೇ ಬಣ್ಣದ್ದು ನಿಚ್ಚಳವಾಗಿತ್ತು. "ನೋಡಿದ್ರಾ? ಗಿರಾಕಿ ಅಂಗಡೀಲಿ ಕುರ್ಚಿ ಹಾಕ್ಕೊಂಡು ಕೂತು ನೋಡೋದಿಲ್ಲ ತಂಗೆಮ್ಮ. ಹೋಗ್ತಾ ಹೋಗ್ತಾ ನೋಡ್ತಾನೆ. ಅಷ್ಟ್ರಲ್ಲಿ ನಾವು ಯಾರು ಅಂತ ಹೇಳಿ ಮುಗ್ಸಿರಬೇಕು."

ಪಕ್ಕದ ಮನೆಯವಳ ಬತ್ತಿಯನ್ನು ಅಂಗೈಯಲ್ಲಿ ಇಟ್ಟುಕೊಂಡು, "ಇಷ್ಟು ಚೆಂದ ಇರೋದನ್ನ ಯಾಕೆ ಮುಚ್ಚಿಟ್ರಿ?" ಎಂದು ಕೇಳಿದರು. ಒಳಗಿನದು ಕಾಣುವ ಕವರು ಮಾಡೋಣ, ಕೆಳಗಡೆ ಕುಂಕುಮ ಬಣ್ಣದ ಒಂದು ಸಣ್ಣ ಪಟ್ಟಿ, ಮೇಲುಗಡೆ ಹರಿಯಲಿಕ್ಕೆ ಖಾಲಿ ಜಾಗ ಎಂದರು. ಪಟ್ಟಿಯ ಮೇಲೆ ಹೆಸರು, ಎಷ್ಟು ಬತ್ತಿ ಇದೆ ಎನ್ನುವ ಸಂಖ್ಯೆ, ಯಾರು ಹೊಸೆದದ್ದು ಎನ್ನುವ ಒಂದು ಸಾಲು. ಅಷ್ಟೇ.

"ದೇವರ ಹೆಸರೂ ಬೇಡವಾ?" ನನಗೆ ಅಳುಕು.

"ದೀಪ ಹಚ್ಚಿದ್ಮೇಲೆ ದೇವ್ರು ಹೆಂಗೂ ನಿಮ್ಮನೆಗೆ ಬರ್ತಾನೆ. ಅಂಗಡಿ ಕಪಾಟಲ್ಲಿ ಯಾಕೆ ಕಾಯ್ಬೇಕು? ಅದು ಬಿಡಿ, ದೀಪ ಹಚ್ಚೋ ಹೊತ್ತಿಗೆ ನಿಮ್ಮ ಕಡೆ ಏನಂತೀರಿ?"

"ಅಮ್ಮ ಮುಚ್ಚಂಜೆ ಅಂತಿದ್ದಳು."

"ಮತ್ತೆ? ನಿಮ್ಮಮ್ಮ ಇಟ್ಟ ಹೆಸ್ರಿರೋವಾಗ ಕ್ಯಾಲೆಂಡರ್ ಯಾಕೆ ಹುಡುಕ್ತೀರಿ?"

ಪ್ರೂಫ್ ಬಂದಾಗ ನನ್ನನ್ನೂ ನಿಲ್ಲಿಸಿ ಗಟ್ಟಿಯಾಗಿ ಓದಿಸಿದರು. "ಮುಚ್ಚಂಜೆ ಹೂಬತ್ತಿ. ನೂರೆಂಟು. ಶಿಕಾರಿಪುರದ ಎಂಟು ಹೆಂಗಸರು ಕೈಯಲ್ಲಿ ಹೊಸೆದದ್ದು." ನಮ್ಮ ಕೈಯ ಕೆಲಸದ ಬಗ್ಗೆ ಅಚ್ಚಾದ ಅಕ್ಷರವನ್ನು ಜೀವಮಾನದಲ್ಲಿ ಮೊದಲ ಸಲ ಓದಿದ್ದು.

ಆದರೆ ಸೊರಬದ ಅಂಗಡಿಯವರು ತಮ್ಮ ಮಾತಿನಂತೆಯೇ ಬಾಗಿಲು ಹಾಕಿದ್ದರು. ತಂಗಿ ಹೊಸ ಪ್ಯಾಕೆಟ್ ತೋರಿಸಿದರೆ, "ಅವತ್ತೇ ಹೇಳಿದ್ನಲ್ಲ. ಒಂದ್ಸಲ ಬೇಡ ಅಂದ ಸಾಮಾನನ್ನ ಜನ ಎರಡನೇ ಸಲ ನೋಡಲ್ಲ," ಎಂದರಂತೆ. ಕಾರ್ತಿಕಕ್ಕೆ ಉಳಿದದ್ದು ಮೂರೇ ತಿಂಗಳು. ಪ್ರೆಸ್ಸಿಗೆ ಹೋಗಿ ಹೇಳಿದೆ. ಸಾಹೇಬರು ಹೆಬ್ಬೆರಳೆತ್ತಿಕೊಂಡೇ ಗಡ್ಡ ಕೆರೆದರು.

"ಅಂಗಡಿಯೋನು ನೋಡೋದಿಲ್ಲ ಅಂದ್ರೆ ಬಿಡಿ. ಮನೆಯೋರಿಗೇ ತೋರ್ಸೋಣ. ನಿಮ್ಮಲ್ಲಿ ಲಗ್ನಪತ್ರಿಕೆ ಬಂದ್ರೆ ಮೊದ್ಲು ಎಲ್ಲಿ ಇಡ್ತೀರಿ?"

"ದೇವರ ಮುಂದೆ."

"ದೀಪ ಹಚ್ಚಿ ತಾನೇ?"

ಹೌದೆಂದು ತಲೆಯಾಡಿಸಿದೆ.

ಶ್ರಾವಣದ ಮದುವೆ, ಗೃಹಪ್ರವೇಶಗಳ ಪತ್ರಿಕೆಗಳು ಕಟ್ಟು ಕಟ್ಟಾಗಿ ಹೋಗುವ ಕಾಲ ಅದು. ಪ್ರತಿ ಕಟ್ಟಿನ ಮೇಲೂ ಐದು ಬತ್ತಿಯ ಒಂದು ಪುಟ್ಟ ಕವರು ಇಟ್ಟು ದಾರ ಕಟ್ಟತೊಡಗಿದರು. "ಮೊದಲ್ನೇ ಪತ್ರಿಕೆ ದೇವ್ರ ಮುಂದೆ ಇಡ್ತೀರಲ್ಲ, ಆಗ ಹಚ್ಚಿ. ನಮ್ಮ ತಂಗಿ ಹೊಸೆದಿದ್ದು," ಎಂದು ಕೊಡುವುದು. ಬೇಕೆಂದೇ ಸೊರಬದ ಕಡೆಯವರಿಗೆ ಎರಡೆರಡು. ಒಬ್ಬರು ನಾನಿರುವಾಗಲೇ, "ಏನ್ ಸಾಹೇಬ್ರೇ, ಈ ವಯಸ್ಸಿನಲ್ಲಿ ಬತ್ತಿ ಇಡೋಕೆ ಶುರು ಮಾಡಿದ್ರಾ?" ಎಂದು ಕೀಟಲೆ ಮಾಡಿದರು. ಸಾಹೇಬರು, "ನಾನು ಕೊಡೋನಷ್ಟೇ. ಇಡೋರು ನಿಮ್ಮ ಬೀಗ್ರು ಇದಾರಲ್ಲ," ಎಂದು ಪ್ರೆಸ್ಸೆಲ್ಲ ನಗಿಸಿದರು. ಐದು ಬತ್ತಿಯ ಕವರುಗಳನ್ನು ತುಂಬುವ ಕೆಲಸವನ್ನು ಪಕ್ಕದ ಮನೆಯವಳು ಯಾರಿಗೂ ಬಿಟ್ಟುಕೊಡಲಿಲ್ಲ. ಮದುವೆಯ ಮನೆಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಈಗ ಅವಳ ಬತ್ತಿ ಪತ್ರಿಕೆಗಿಂತ ಮೊದಲು ಹೋಗುತ್ತಿತ್ತು.

ಭಾದ್ರಪದ ಕಳೆದು ನವರಾತ್ರಿ ಕೂತಾಗ ಸೊರಬದ ಅಂಗಡಿಯವರ ಫೋನು, ನೇರವಾಗಿ ನನಗೇ. "ಅಮ್ಮ, ದಿನಾ ನಾಲ್ಕು ಜನ ಬಂದು ಮುಚ್ಚಂಜೆ ಬತ್ತಿ ಅಂತ ಕೇಳ್ತಾರೆ. ಇಲ್ಲ ಅಂದ್ರೆ ನನ್ನೇ ಬೈತಾರೆ. ಎಷ್ಟಿದೆ ನಿಮ್ಮಲ್ಲಿ?"

ಅಟ್ಟದ ಡಬ್ಬಗಳೆಲ್ಲ ಆ ಕಾರ್ತಿಕದಲ್ಲಿ ಖಾಲಿಯಾದವು. ಸುದ್ದಿ ಹೇಳಲು ಪ್ರೆಸ್ಸಿಗೆ ಓಡಿದರೆ ಸಾಹೇಬರು ಯಾರಿಗೋ ಪ್ರೂಫ್ ಓದಿಸುತ್ತಿದ್ದರು. ಮುಗಿಯುವವರೆಗೆ ಕಾಯಿರಿ ಎಂದು ಕೈಸನ್ನೆ ಮಾಡಿದರು. ಕಾದೆ. ಕೇಳಿದ ಮೇಲೆ ಅವರು ಹೇಳಿದ್ದು, "ಅಲ್ಹಮ್ದುಲಿಲ್ಲಾ, ಎಲ್ಲಾ ದೇವ್ರ ದಯೆ. ಬರೋ ವರ್ಷ ಸಂಖ್ಯೆ ಸ್ವಲ್ಪ ದಪ್ಪಕ್ಕೆ ಹಾಕೋಣ, ವಯಸ್ಸಾದೋರಿಗೆ ಕಾಣ್ತಿಲ್ಲ."

ಹೀಗೆ ಆರು ಕಾರ್ತಿಕ ಕಳೆದವು. ಈಗ ನಾವು ಇಪ್ಪತ್ತೊಂದು ಜನ. ದೇವರು ನನಗೆ ದೊಡ್ಡದೊಂದನ್ನು ಒಟ್ಟಿಗೆ ಕೊಟ್ಟವನಲ್ಲ. ಒಬ್ಬರ ಕೈಯಿಂದ ಒಂದು ಮಾತು, ಇನ್ನೊಬ್ಬರ ಕೈಯಿಂದ ಒಂದು ದಾರಿ, ಹೀಗೆ ಚೂರು ಚೂರಾಗಿ ಕೊಡುತ್ತ ಬಂದಿದ್ದಾನೆ. ಎಣಿಸಲು ಕೂತರೆ ಅದರಲ್ಲಿ ಹೆಚ್ಚಿನವು ಆ ಓಣಿಯಿಂದಲೇ ಬಂದವು.

ಹೋದ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಅವರ ಮಗಳು ಫೋನ್ ಮಾಡಿದಳು. "ಅಕ್ಕಾ, ಅಬ್ಬಾ ಹೋಗ್ಬಿಟ್ರು," ಎಂದಳು. ಬೆಳಿಗ್ಗೆ ಎದೆನೋವೆಂದು ಕೂತವರು ಏಳಲೇ ಇಲ್ಲವಂತೆ. ಹೊಸೆಯುತ್ತಿದ್ದ ಅರಳೆಯನ್ನು ಹಾಗೆಯೇ ಬಿಟ್ಟು ಎಲ್ಲರೂ ಎದ್ದೆವು. ಪಕ್ಕದ ಮನೆಯವಳನ್ನು ಆಟೋದಲ್ಲಿ ಕೂರಿಸಿಕೊಂಡೆವು. ಅವರ ಮನೆಯ ಓಣಿಗೆ ನಮ್ಮ ಬೀದಿಯ ಹೆಂಗಸರು ಅಷ್ಟು ಜನ ಒಟ್ಟಿಗೆ ಹೋದದ್ದು ಅದೇ ಮೊದಲು. ಅವರ ಮನೆಯಾಕೆ ಜಾಗ ಮಾಡಿ ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕೈ ಹಿಡಿದುಕೊಂಡರು. ಅವರಿಗೆ ಕನ್ನಡ ಹೆಚ್ಚು ಬರುವುದಿಲ್ಲ. ಮಾತು ಬೇಕಾಗಲೂ ಇಲ್ಲ.

ಮನೆಗೆ ಬರುವಾಗ ಹೊತ್ತು ಇಳಿದಿತ್ತು. ಸಾವಿನ ಮನೆಯಿಂದ ಬಂದವರು ಮಾಡುವಂತೆ ಹಿತ್ತಲಿನಲ್ಲೇ ತಲೆಗೆ ನೀರು ಹಾಕಿಕೊಂಡೆ. ನಮ್ಮತ್ತೆ ಮಡಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒದ್ದೆ ಕೂದಲು ಕಟ್ಟಿಕೊಂಡು ದೇವರ ಮನೆಯ ಬಾಗಿಲಿಗೆ ಬಂದು, "ಅತ್ತೆ, ಸ್ನಾನ ಆಯ್ತು. ದೀಪ ಹಚ್ಚಲಾ?" ಎಂದು ಕೇಳಿದೆ.

ಅತ್ತೆ ಜಪಸರ ಹಿಡಿದು ಕೂತಿದ್ದರು. ಸರವನ್ನು ಮಡಿಲಿಗೆ ಇಳಿಸಿ, "ಅಣ್ಣ ಹೋದ ದಿನ ಯಾರಾದ್ರೂ ದೀಪ ಹಚ್ತಾರೇನೆ?" ಎಂದರು.

ಬೀದಿಯಲ್ಲಿ ಎಲ್ಲರ ಹೊಸ್ತಿಲಲ್ಲೂ ಕಾರ್ತಿಕದ ದೀಪಗಳು ಉರಿಯುತ್ತಿದ್ದವು. ನಮ್ಮ ದೇವರ ಮನೆಯಲ್ಲಿ ಕತ್ತಲೆಯಿತ್ತು. ನಾನು ಆ ಕತ್ತಲೆಗೇ ಕೈ ಮುಗಿದು ಬಂದು ಅತ್ತೆಯ ಪಕ್ಕದಲ್ಲಿ ಕೂತೆ.